ವ್ಯಾನಿನ ಹಿಂದಿನ ಚಕ್ರದ ಹತ್ತಿರ ಕೀಂಚ್ ಕೀಂಚ್ ಸದ್ದು, ಯಾಕಿರಬಹುದು?

ಬದಿಯಡ್ಕದಿಂದ ಪ್ರಶ್ನೆ:

ನಮ್ಮದು ಹಳೆಯ ಓಮ್ನಿ. ಬೆಳಿಗ್ಗೆ ಶಾಲೆಯ ಮಕ್ಕಳು, ಆಮೇಲೆ ಅಡಿಕೆ ಗೋಣಿ. ಈ ಮಳೆಗಾಲ ಮುಗಿದ ಮೇಲೆ ಹಿಂದಿನ ಎಡ ಚಕ್ರದ ಹತ್ತಿರ ಕೀಂಚ್ ಕೀಂಚ್ ಅಂತ ಸದ್ದು ಶುರುವಾಗಿದೆ. ನಿಧಾನ ಹೋಗುವಾಗ ಸ್ಪಷ್ಟ ಕೇಳುತ್ತದೆ. ಸ್ಪೀಡ್ ಏರಿದ ಹಾಗೆ ಬೇಗ ಬೇಗ ಬರುತ್ತದೆ, 30 ದಾಟಿದ ಮೇಲೆ ಕೇಳುವುದಿಲ್ಲ. ಗ್ಯಾರೇಜಿನಲ್ಲಿ ಹಿಂದಿನ ಬ್ರೇಕ್ ಲೈನರ್ ಹೊಸದು ಹಾಕಿಸಿದೆ, ಸದ್ದು ಹಾಗೇ ಇದೆ. ಈಗ ಹಬ್ ಬೇರಿಂಗ್ ಬದಲಿಸೋಣ ಅನ್ನುತ್ತಿದ್ದಾರೆ. ಅನುಭವ ಇದ್ದವರು ದಯವಿಟ್ಟು ಹೇಳಿ.

ಮುಳ್ಳೇರಿಯದಿಂದ:

ಬೇರಿಂಗ್‌ಗೆ ದುಡ್ಡು ಕೊಡುವ ಮೊದಲು ಸದ್ದನ್ನು ಎಣಿಸಿ ನೋಡಿ ಮಾರಾಯ್ರೆ. ಖರ್ಚೇ ಇಲ್ಲದ ಪರೀಕ್ಷೆ ಇದು.

ಓಮ್ನಿಯಲ್ಲಿ ಇಂಜಿನ್ ಇರುವುದು ಮುಂದಿನ ಸೀಟಿನ ಅಡಿಯಲ್ಲಿ, ಓಡುವುದು ಹಿಂದಿನ ಚಕ್ರ. ನಡುವೆ ಉದ್ದಕ್ಕೆ ಪ್ರೊಪೆಲ್ಲರ್ ಶಾಫ್ಟ್ ಇದೆ. ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಶಾಫ್ಟ್ ಹತ್ತಿರ ಹತ್ತಿರ 5 ಸುತ್ತು ತಿರುಗಿರುತ್ತದೆ. ಹಾಗಾಗಿ ಹಿಂದಿನ ಟಯರಿಗೆ ಚಾಕ್‌ಪೀಸಿನಲ್ಲಿ ಒಂದು ಗೆರೆ ಎಳೆಯಿರಿ. ಸಮತಟ್ಟು ಜಾಗದಲ್ಲಿ ನ್ಯೂಟ್ರಲ್ ಹಾಕಿ ಇಬ್ಬರು ಮೆಲ್ಲ ದೂಡಲಿ, ಒಬ್ಬರು ಸ್ಟೀರಿಂಗ್‌ನಲ್ಲಿ ಇರಲಿ. ನೀವು ಪಕ್ಕದಲ್ಲೇ ನಡೆಯಿರಿ. ಗೆರೆ ಒಮ್ಮೆ ನೆಲಕ್ಕೆ ಬಂದು ಮತ್ತೆ ನೆಲಕ್ಕೆ ಬರುವುದರೊಳಗೆ ಎಷ್ಟು ಸಲ ಕೀಂಚ್ ಅನ್ನುತ್ತದೆ? ಒಂದೇ ಸಲ ಆದರೆ ತೊಂದರೆ ಚಕ್ರದಲ್ಲೇ ಇದೆ: ಡ್ರಮ್, ಲೈನರ್, ಬೇರಿಂಗ್, ಇಲ್ಲವೇ ವೀಲ್ ಕ್ಯಾಪ್. ನಾಲ್ಕೈದು ಸಲ ಆದರೆ ಚಕ್ರವನ್ನು ಬಿಡಿ, ಶಾಫ್ಟಿನ ಕ್ರಾಸ್ ನೋಡಿ, ಅಂದರೆ ಅದರ ತುದಿಯಲ್ಲಿ ಬಾಗಿ ತಿರುಗಲು ಬಿಡುವ ಕೀಲು.

ನೀವು ಬರೆದದ್ದು ಓದಿದರೆ ನನಗೆ ಕ್ರಾಸ್ ಮೇಲೆಯೇ ಸಂಶಯ. ನಮ್ಮ ಕಡೆ ಮಳೆಗಾಲದಲ್ಲಿ ತೋಡಿನ ನೀರು ರಸ್ತೆ ಮೇಲೇ ಹರಿಯುತ್ತದೆ ಅಲ್ವಾ? ಆ ನೀರು ಕ್ರಾಸಿನ ತುದಿಗಳನ್ನು ಮುಚ್ಚಿರುವ ಕಪ್ ಒಳಗೆ ಸೇರಿದರೆ ಗ್ರೀಸ್ ತೊಳೆದುಹೋಗುತ್ತದೆ. ಒಳಗಿರುವ ಸೂಜಿಯಂಥ ಸಣ್ಣ ರೋಲರ್‌ಗಳು ಒಣಗಿ ತುಕ್ಕು ಹಿಡಿಯುತ್ತವೆ. ಮಳೆ ನಿಂತ ಮೇಲೆ ಕೂಗಲು ಶುರುಮಾಡುತ್ತವೆ. ಎಡ ಚಕ್ರದಿಂದಲೇ ಬಂದ ಹಾಗೆ ಕೇಳುವುದು ತಗಡಿನ ಬಾಡಿಯಿಂದಾಗಿ, ಸದ್ದು ಎಲ್ಲೋ ಹುಟ್ಟಿ ಎಲ್ಲೋ ಕೇಳುತ್ತದೆ.

ಮುಂದಿನ ಚಕ್ರಗಳಿಗೆ ಗಟ್ಟಿ ಅಡೆ ಕೊಟ್ಟು, ನ್ಯೂಟ್ರಲ್‌ನಲ್ಲಿಟ್ಟು, ಟಾರ್ಚ್ ಹಿಡಿದು ಶಾಫ್ಟಿನ ಎರಡೂ ತುದಿ ನೋಡಿ. ಹಾಳಾದ ಕ್ರಾಸ್ ಇದ್ದರೆ ಕಪ್ ಅಂಚಿನಲ್ಲಿ ಕುಂಕುಮದ ಹಾಗೆ ನುಣ್ಣಗಿನ ಕೆಂಪು ಪುಡಿ ಕೂತಿರುತ್ತದೆ. ಬೆರಳಿಗೆ ಅಂಟುತ್ತದೆ, ಎಣ್ಣೆ ಜಿಡ್ಡು ಇರುವುದಿಲ್ಲ. ಆಮೇಲೆ ಕ್ರಾಸಿನ ಒಂದು ಬದಿಯನ್ನು ಒಂದು ಕೈಯಲ್ಲಿ, ಇನ್ನೊಂದು ಬದಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಎದುರು ಬದುರು ತಿರುಚಿ. ಕ್ರಾಸಿನಲ್ಲಿ ಚೂರೂ ಪ್ಲೇ (ಸಡಿಲ) ಇರಬಾರದು. ನಿಂತಲ್ಲಿಂದ ಕ್ಲಚ್ ಬಿಟ್ಟಾಗ ಟಕ್ ಅಂತಲೂ ಕೇಳುತ್ತಿದ್ದರೆ ಸಂಶಯ ಇನ್ನೂ ಗಟ್ಟಿ.

ಇದನ್ನು ನಾಳೆ ನಾಡಿದ್ದು ಅಂತ ಮುಂದೂಡಬೇಡಿ. ಕ್ರಾಸ್ ಮುರಿದರೆ ಓಡುತ್ತಿರುವಾಗಲೇ ಶಾಫ್ಟ್ ಕಳಚಿ ರಸ್ತೆಗೆ ಬೀಳುತ್ತದೆ. ವ್ಯಾನಿನಲ್ಲಿ ಮಕ್ಕಳು ಇರುತ್ತಾರೆ.

ಉಪ್ಪಳದಿಂದ, ಈಕೋ ಓಡಿಸುವವರು:

ನಮ್ಮ ಈಕೋದಲ್ಲಿ ಸದ್ದು ಬಂದದ್ದು ಮುಂದಿನಿಂದ. ಹೆದ್ದಾರಿ 66ರ ಕೆಲಸ ನಡೆಯುತ್ತಿದ್ದಾಗ ಸರ್ವಿಸ್ ರೋಡ್ ತುಂಬ ಜಲ್ಲಿ. ಒಂದು ಸಣ್ಣ ಕಲ್ಲು ಡಿಸ್ಕಿಗೂ ಅದರ ಹಿಂದಿನ ತೆಳು ತಗಡಿಗೂ ನಡುವೆ ಸಿಕ್ಕಿತ್ತು. ಕೇಳಿದರೆ ಪ್ರಾಣ ಹೋಗುವಂಥ ಸದ್ದು. ಸ್ವಲ್ಪ ರಿವರ್ಸ್ ತೆಗೆದದ್ದೇ, ಕಲ್ಲು ಬಿತ್ತು.

ಸಮುದ್ರದ ಹತ್ತಿರ ಇರುವವರಿಗೆ ಇನ್ನೊಂದು ಮಾತು. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಡಿಸ್ಕಿನಲ್ಲಿ ಕರಕರ ಅಂದು, ನಾಲ್ಕು ಸಲ ಬ್ರೇಕ್ ಹಾಕಿದ ಮೇಲೆ ಸುಮ್ಮನಾದರೆ ಅದು ಮೇಲು ಮೇಲಿನ ತುಕ್ಕು ಅಷ್ಟೇ. ಆದರೆ ಓಡುವಾಗ ಸಣ್ಣಗೆ ಕಿರುಚುವ ಸದ್ದು ಬ್ರೇಕ್ ಒತ್ತಿದ ಕೂಡಲೇ ನಿಂತರೆ ಅಥವಾ ಬದಲಾದರೆ ಪ್ಯಾಡ್ ನೋಡಿಸಿ. ಕೆಲವು ಪ್ಯಾಡ್‌ಗಳಲ್ಲಿ ಒಂದು ಪುಟ್ಟ ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ಸವೆದಾಗ ಡಿಸ್ಕಿಗೆ ತಾಗಿ ಕಿರುಚಲಿ ಅಂತಲೇ ಅದನ್ನು ಇಟ್ಟಿರುವುದು. ಅದೂ ದಾಟಿ ಗರಗರ ಅಂದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ, ಮುಂದಕ್ಕೆ ಓಡಿಸಲೇಬೇಡಿ.

ಪೆರ್ಲದಿಂದ, ಟಾಟಾ ಏಸ್:

ಬೇರಿಂಗ್ ಹೋದರೆ ಸಾಮಾನ್ಯವಾಗಿ ಕೀಂಚ್ ಅನ್ನುವುದಿಲ್ಲ, ಗುಂಯ್ ಅನ್ನುತ್ತದೆ. ಸ್ಪೀಡ್ ಏರಿದ ಹಾಗೆ ಜಾಸ್ತಿಯಾಗುತ್ತದೆ, ನಿಮ್ಮದರ ಹಾಗೆ ಮಾಯವಾಗುವುದಿಲ್ಲ. ನಮ್ಮ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ತಿರುವುಗಳಿಗೇನೂ ಬರ ಇಲ್ಲ, ಅಲ್ಲೇ ಪರೀಕ್ಷೆ ಮಾಡಬಹುದು. ಬಲಕ್ಕೆ ತಿರುಗುವಾಗ ಭಾರ ಎಡಗಡೆಗೆ ಬೀಳುತ್ತದೆ. ಆಗ ಸದ್ದು ಹೆಚ್ಚಾದರೆ ಎಡ ಚಕ್ರದ ಬೇರಿಂಗ್, ಎಡಕ್ಕೆ ತಿರುಗುವಾಗ ಹೆಚ್ಚಾದರೆ ಬಲದ್ದು. ಆಮೇಲೆ ಚಕ್ರ ಎತ್ತಿ, ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಪ್ಲೇ ಗೊತ್ತಾಗುತ್ತದೆ.

ಹಂಪ್ ಹತ್ತುವಾಗ, ಹೊಂಡಕ್ಕೆ ಇಳಿಯುವಾಗ ಮಾತ್ರ ಸದ್ದು ಬಂದರೆ ಹಿಂದಿನ ಸ್ಪ್ರಿಂಗ್ ಪ್ಲೇಟ್‌ಗಳ ಬುಷ್. ಆ ರಬ್ಬರ್ ಬುಷ್ ಮೇಲೆ ನೀರು ಹೊಯ್ಯಿರಿ. ಸ್ವಲ್ಪ ಹೊತ್ತು ಸದ್ದು ನಿಂತರೆ ಅದೇ. ಅಲ್ಲಿಗೆ ಎಣ್ಣೆ ಮಾತ್ರ ಬಿಡಬೇಡಿ, ರಬ್ಬರ್ ಉಬ್ಬಿ ಹಾಳಾಗುತ್ತದೆ. ಬ್ರೇಕಿಗಂತೂ ಎಣ್ಣೆ ಹಾರಲೇಬಾರದು.

ಇನ್ನೊಂದು ಮುಖ್ಯ ವಿಷಯ. ಜಾಕಿ ಕೊಟ್ಟು ಮುರಕಲ್ಲಿನ (ಕೆಂಪುಕಲ್ಲಿನ) ಮೇಲೆ ಗಾಡಿ ಕೂರಿಸಿ ಅಡಿಗೆ ನುಗ್ಗುವವರನ್ನು ನಮ್ಮೂರಲ್ಲಿ ಬೇಕಾದಷ್ಟು ನೋಡಿದ್ದೇನೆ. ನೀರು ಕುಡಿದ ಮುರಕಲ್ಲನ್ನು ನಂಬುವ ಹಾಗಿಲ್ಲ, ಭಾರಕ್ಕೆ ಒಡೆಯುತ್ತದೆ. ಕಬ್ಬಿಣದ ಸ್ಟ್ಯಾಂಡ್ ಇಲ್ಲದಿದ್ದರೆ ಗುಂಡಿ ಇರುವ ಗ್ಯಾರೇಜಿಗೇ ಹೋಗಿ.

ಹೊಸಂಗಡಿಯಿಂದ:

ಹೊಸ ಲೈನರ್ ಹಾಕಿದ ಮೇಲೆ ಹ್ಯಾಂಡ್ ಬ್ರೇಕ್ ಪೂರ್ತಿ ಬಿಡುತ್ತಿದೆಯಾ ನೋಡಿದಿರಾ? ಕೇಬಲ್ ತುಕ್ಕು ಹಿಡಿದರೆ ಲೈನರ್ ಡ್ರಮ್ಮಿಗೆ ಒತ್ತಿಕೊಂಡೇ ಇರುತ್ತದೆ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಎರಡೂ ಹಿಂದಿನ ಚಕ್ರದ ಹತ್ತಿರ ಅಂಗೈಯ ಹಿಂಬದಿ ಹಿಡಿಯಿರಿ. ಮುಟ್ಟಬೇಡಿ. ಒಂದು ಕಡೆ ಮಾತ್ರ ಬಿಸಿ ಹೊಡೆದರೆ ಅದನ್ನು ಬಿಚ್ಚಿಸಿ. ಹಾಗೇ ನಾಲ್ಕೂ ನಟ್ ಸ್ಪ್ಯಾನರ್ ಹಾಕಿ ನೋಡಿಬಿಡಿ, ಹೇಗೂ ಚಕ್ರ ಬಿಚ್ಚಿದ ಗಾಡಿ.

ಬದಿಯಡ್ಕದಿಂದ ಮತ್ತೆ:

ಎಲ್ಲರಿಗೂ ವಂದನೆ. ನಟ್ ಬಿಗಿ ಇದೆ, ಎರಡೂ ಚಕ್ರ ಒಂದೇ ಥರ ತಣ್ಣಗಿದೆ. ಅಣ್ಣನೂ ಅವನ ಮಗನೂ ದೂಡಿದರು, ಗೆರೆ ಹಾಕಿ ಎಣಿಸಿದೆ. ಒಂದು ಸುತ್ತಿಗೆ ಐದರ ಹತ್ತಿರ ಕೇಳುತ್ತದೆ. ಹಿಂದಿನ ಕ್ರಾಸಿನಲ್ಲಿ ಕೆಂಪು ಪುಡಿಯೂ ಇದೆ. ಮಕ್ಕಳಿಗೆ ನಾಳೆಯಿಂದ ಬೇರೆ ವ್ಯಾನ್ ಹೇಳಿದ್ದೇನೆ. ಗ್ರೀಸ್ ಹೊಡೆದರೆ ಸಾಕಾ?

ಮುಳ್ಳೇರಿಯದಿಂದ:

ಸಾಲದು. ಕೆಂಪು ಪುಡಿ ಬಂದಿದೆ ಅಂದರೆ ಒಳಗೆ ಸವೆದಾಗಿದೆ, ಹೊಸ ಕ್ರಾಸೇ ಹಾಕಿಸಿ. ಮುಂದಿನದನ್ನೂ ತಿರುಚಿ ನೋಡಲು ಹೇಳಿ. ಬಿಚ್ಚುವ ಮೊದಲು ಶಾಫ್ಟಿಗೂ, ಹಿಂದೆ ಅದನ್ನು ಬೋಲ್ಟ್ ಹಾಕಿ ಕೂರಿಸಿರುವ ಡಿಫರೆನ್ಶಿಯಲ್ ಫ್ಲೇಂಜಿಗೂ ಸೇರಿಸಿ ಪೇಂಟಿನಲ್ಲಿ ಒಂದು ಗುರುತು ಹಾಕಿಸಿ. ಇದ್ದ ಹಾಗೇ ಕೂರದಿದ್ದರೆ ಆಮೇಲೆ ಸ್ಪೀಡಿನಲ್ಲಿ ನಡುಕ ಶುರುವಾಗಬಹುದು. ಗೇರ್‌ಬಾಕ್ಸ್ ಕಡೆಯ ತುದಿ ಎಳೆದಾಗ ಎಣ್ಣೆ ಸುರಿಯುತ್ತದೆ, ಅಡಿಗೆ ಒಂದು ಪಾತ್ರೆ ಇಟ್ಟುಕೊಳ್ಳಲಿ. ಕೆಲಸ ಮುಗಿದ ಮೇಲೆ ಗೇರ್ ಆಯಿಲ್ ಮಟ್ಟ ನೋಡಿ ತುಂಬಿಸಿಕೊಂಡೇ ಗಾಡಿ ತನ್ನಿ.