ಪದಚರ್ಚೆ: ‘ಶೆಲ್’ಗೆ ಚಿಪ್ಪು ಅನ್ನಬಹುದಾ? ಜೊತೆಗೆ ಸ್ಕ್ರಿಪ್ಟ್, ರೆಂಡರ್, ಪ್ರೊಸೆಸ್

ಗೆಳೆಯರೇ,

ವೆಬ್ ಪುಟಗಳಿಗೆ ಬಳಸುವ ಜಾವಾಸ್ಕ್ರಿಪ್ಟ್ ಭಾಷೆ ಬಲ್ಲವರು ಅದರಲ್ಲೇ ಡೆಸ್ಕ್‌ಟಾಪ್ ಆ್ಯಪ್ ಕಟ್ಟುವುದು ಹೇಗೆ ಅಂತ ಹೊಸಬರಿಗಾಗಿ ಕನ್ನಡದಲ್ಲಿ ಬರೆಯಲು ಕೂತಿದ್ದೇನೆ. ಕೋಡ್ ಬರೆಯುವಾಗ ತೊಂದರೆ ಆಗಲಿಲ್ಲ. ಅದನ್ನು ವಿವರಿಸಲು ಹೊರಟಾಗ ಗಾಡಿ ನಿಂತಿತು. ಕೆಲವು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ‘ಶೆಲ್’. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ‘ಸ್ಕ್ರಿಪ್ಟಿಂಗ್ ಭಾಷೆ’. ಜಾವಾಸ್ಕ್ರಿಪ್ಟ್ ಅಂಥದ್ದೊಂದು. ಮೊದಲ ಕರಡಿನಲ್ಲಿ ಹಿಂದೆಮುಂದೆ ನೋಡದೆ ‘ಲಿಪಿ ಭಾಷೆ’ ಅಂತ ಬರೆದುಬಿಟ್ಟೆ. ಓದಿದ ಗೆಳತಿ, ‘ಇದು ಅಕ್ಷರ ಕಲಿಸುವ ಆ್ಯಪಾ?’ ಅಂತ ಕೇಳಿದಳು. ಅವಳ ತಪ್ಪೇನಿಲ್ಲ. ಇಂಗ್ಲಿಷಿನಲ್ಲಿ ಅಕ್ಷರಮಾಲೆಯೂ ಸ್ಕ್ರಿಪ್ಟ್, ನಾಟಕದವರು ಕೈಯಲ್ಲಿ ಹಿಡಿದ ಪ್ರತಿಯೂ ಸ್ಕ್ರಿಪ್ಟ್. ಕಂಪ್ಯೂಟರಿನ ಸ್ಕ್ರಿಪ್ಟ್ ಎರಡನೆಯದಕ್ಕೆ ಹತ್ತಿರ: ಯಾವಾಗ ಏನು ಮಾಡಬೇಕು ಅಂತ ಮೊದಲೇ ಬರೆದಿಟ್ಟ ಸಾಲುಗಳು. ನಮ್ಮ ‘ಲಿಪಿ’ಗೆ ಆ ಅರ್ಥ ಇಲ್ಲವೇ ಇಲ್ಲ. ‘ಬರಹ’ ಅನ್ನೋಣ ಅಂದರೆ, ಕಂಪ್ಯೂಟರಿನಲ್ಲಿ ಕನ್ನಡ ಬೆರಳಚ್ಚಿಸುವವರಿಗೆ ಬೇರೆಯೇ ತಂತ್ರಾಂಶ ನೆನಪಾಗುತ್ತದೆ.

ಹುಟ್ಟಿದಾಗ ಜಾವಾಸ್ಕ್ರಿಪ್ಟ್ ಭಾಷೆಯ ಕೆಲಸ ಏನಿತ್ತು ಅಂತ ನೋಡಿದರೆ ಪದ ಸಿಗಬಹುದು ಅನ್ನಿಸಿತು. 1995ರಲ್ಲಿ, ಬ್ರೌಸರ್ ಮಾಡುತ್ತಿದ್ದ ನೆಟ್‌ಸ್ಕೇಪ್‌ನಲ್ಲಿ ಬ್ರೆಂಡನ್ ಐಕ್ ಹತ್ತು ದಿನದಲ್ಲಿ ಇದರ ಮೊದಲ ರೂಪ ಮಾಡಿದರು. ಆಗ ಹೆಸರು ಮೋಕಾ. ಆಮೇಲೆ ಲೈವ್‌ಸ್ಕ್ರಿಪ್ಟ್ ಆಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಜಾವಾಸ್ಕ್ರಿಪ್ಟ್. ಆಗಲೇ ಓಡುತ್ತಿರುವ ಬ್ರೌಸರಿಗೆ ‘ಇದನ್ನು ತೋರಿಸು, ಅದನ್ನು ಮುಚ್ಚು’ ಅಂತ ಹೇಳುವುದು ಅದರ ಕೆಲಸ. ಅಂದರೆ ಬೇರೊಂದು ತಂತ್ರಾಂಶವನ್ನು ಆಡಿಸುವ ನುಡಿ. ‘ಆಡಿಸುನುಡಿ’ ಅಂತ ಒಂದು ದಿನ ಖುಷಿಯಿಂದ ಬರೆದುಕೊಂಡೆ. ಮರುದಿನ ಓದಿದಾಗ ಅದು ‘ಆಡುನುಡಿ’ಯ ಅಚ್ಚುದೋಷದ ಹಾಗೆ ಕಂಡಿತು! ಮೇಲಾಗಿ 2009ರಲ್ಲಿ, ಬ್ರೌಸರ್ ಇಲ್ಲದೆಯೂ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಬಂದ ಮೇಲೆ ಈ ಭಾಷೆಗೆ ಬ್ರೌಸರಿನ ಹಂಗೇ ಉಳಿದಿಲ್ಲ. ಹಾಗಾಗಿ ಸ್ಕ್ರಿಪ್ಟ್ ಅನ್ನೋದನ್ನು ಹಾಗೇ ಬಿಟ್ಟಿದ್ದೇನೆ. ಯಾರಿಗಾದರೂ ಒಳ್ಳೆಯದು ಹೊಳೆದರೆ ಹೇಳಿ.

‘ಡೆಸ್ಕ್‌ಟಾಪ್’ ಬಗ್ಗೆ ತಲೆ ಕೆಡಿಸಿಕೊಂಡಿಲ್ಲ. ಲಿನಕ್ಸ್‌ನ ಕನ್ನಡ ರೂಪದಲ್ಲಿ ‘ಗಣಕತೆರೆ’ ನೋಡಿದ ನೆನಪು. ಚಂದದ ಪದ, ಆದರೆ ಅದು ಎದುರಿಗೆ ಕಾಣುವ ತೆರೆಯನ್ನು ಹೇಳುತ್ತದೆ. ಮೊಬೈಲಿನದ್ದಲ್ಲ, ಬ್ರೌಸರಿನೊಳಗಿನದ್ದೂ ಅಲ್ಲ ಅನ್ನುವ ಅರ್ಥ ಅದರಿಂದ ಹೊರಡುವುದಿಲ್ಲ. ‘ಅಪ್ಲಿಕೇಶನ್’ಗೆ ‘ಅರ್ಜಿ’ ಅಂತ ಬರೆಯುವ ಯಂತ್ರಾನುವಾದಗಳನ್ನು ನಕ್ಕು ಬಿಟ್ಟುಬಿಡೋಣ. ‘ಕಿರುತಂತ್ರಾಂಶ’ ಅಂತಲೂ ಸಲಹೆ ಬಂತು. ವೆಬ್ ಪುಟದ ಕೋಡಿನಿಂದಲೇ ಡೆಸ್ಕ್‌ಟಾಪ್ ಆ್ಯಪ್ ಕಟ್ಟಿಕೊಡುವ ಸಾಧನ ಎಲೆಕ್ಟ್ರಾನ್; ಅದರಲ್ಲಿ ಒಂದು ಸಾಲು ‘ನಮಸ್ಕಾರ’ ತೋರಿಸುವ ಆ್ಯಪ್ ಕಟ್ಟಿದರೂ ಅದು 100 ಎಂಬಿ ದಾಟುತ್ತದೆ. ಇದನ್ನು ಕಿರು ಅಂತ ಕರೆಯಲು ನನಗೆ ಬಾಯಿ ಬರಲಿಲ್ಲ.

ಈಗ ಶೆಲ್, ಅಂದರೆ ವೆಬ್ ಕೋಡನ್ನು ಒಳಗಿಟ್ಟುಕೊಂಡು ಅದನ್ನು ಡೆಸ್ಕ್‌ಟಾಪ್ ಆ್ಯಪ್ ಆಗಿ ಓಡಿಸುವ ಹೊರಭಾಗ. ಎಲೆಕ್ಟ್ರಾನ್ ಅಂತ ಈಗ ನಾವು ಕರೆಯುವುದನ್ನು ಗಿಟ್‌ಹಬ್‌ನವರು 2013ರಲ್ಲಿ ಶುರು ಮಾಡಿದರು, ಕೋಡ್ ಬರೆಯುವ ಅವರದೇ ಆ್ಯಟಮ್ ಎಡಿಟರ್‌ಗಾಗಿ. ಆಗ ಅದರ ಹೆಸರು ‘ಆ್ಯಟಮ್ ಶೆಲ್’. 2015ರಲ್ಲಿ ಎಲೆಕ್ಟ್ರಾನ್ ಆಯಿತು. ಹೆಸರು ಬದಲಾದರೂ ಇಂಥವನ್ನು ವಿವರಿಸುವಾಗ ಶೆಲ್, ರ‍್ಯಾಪರ್ ಅನ್ನೋ ಮಾತು ಮತ್ತೆ ಮತ್ತೆ ಬರುತ್ತದೆ. ಕನ್ನಡದಲ್ಲಿ ನನ್ನ ಕೈಗೆ ಸಿಕ್ಕವು: ಹೊದಿಕೆ, ಕವಚ, ಚಿಪ್ಪು, ಗೂಡು.

‘ಹೊದಿಕೆ’ ಮೊದಲು ಬಿತ್ತು. ಹೊದಿಕೆ ಅಂದರೆ ತೆಳ್ಳಗಿರಬೇಕು, ಬೇಕೆಂದಾಗ ತೆಗೆದಿಡಬಹುದು. ಇಲ್ಲಿ ಹಾಗಲ್ಲ. ಎಲೆಕ್ಟ್ರಾನ್‌ನಲ್ಲಿ ಮಾಡಿದ ಪ್ರತಿ ಆ್ಯಪೂ ಇಡೀ ಕ್ರೋಮಿಯಂ ಬ್ರೌಸರನ್ನೂ ನೋಡ್ ಅನ್ನೂ ತನ್ನ ಜೊತೆಗೇ ಹೊತ್ತು ತರುತ್ತದೆ. ಅಂಥ ಮೂರು ಆ್ಯಪ್ ಹಾಕಿಕೊಂಡರೆ ಮೂರು ಬ್ರೌಸರ್ ಬಂದ ಹಾಗೆ. ‘ಕವಚ’ ಅಂದರೆ ಹೊಡೆತ ತಡೆಯುವುದು. ಇದು ಏನನ್ನೂ ಕಾಯುತ್ತಿಲ್ಲ.

‘ಚಿಪ್ಪು’ ನನಗೆ ಇಷ್ಟ. ಬಸವನಹುಳು ಹೋದಲ್ಲೆಲ್ಲ ಮನೆಯನ್ನು ಬೆನ್ನ ಮೇಲೆ ಹೊತ್ತೊಯ್ಯುತ್ತದಲ್ಲ, ಎಲೆಕ್ಟ್ರಾನ್ ಆ್ಯಪ್ ಥೇಟ್ ಹಾಗೇ. ಭಾರ ಯಾಕೆ ಅನ್ನೋ ಪ್ರಶ್ನೆಗೂ ಪದದೊಳಗೇ ಉತ್ತರ ಇದೆ. ಆಪರೇಟಿಂಗ್ ಸಿಸ್ಟಮ್ಮಿನ ನಡುಭಾಗವಾದ ಕರ್ನೆಲ್‌ಗೆ ‘ತಿರುಳು’ ಅನ್ನುವವರು ಇದ್ದಾರೆ. ತಿರುಳಿಗೆ ಚಿಪ್ಪು ಒಳ್ಳೆಯ ಜೋಡಿ.

ಆದರೆ ತಕರಾರು ಎರಡಿವೆ. ಇಂಗ್ಲಿಷಿನಿಂದ ಬಂದದ್ದಕ್ಕೆಲ್ಲ ಉಕಾರ ಹಚ್ಚುವುದು ನಮ್ಮ ಬಾಯಿಯ ರೂಢಿ. ಬಸ್ ಬಸ್ಸಾಗುತ್ತದೆ, ಚಿಪ್ ಚಿಪ್ಪಾಗುತ್ತದೆ. ‘ಕಂಪ್ಯೂಟರಿನ ಚಿಪ್ಪು’ ಅಂದರೆ ಹೆಚ್ಚಿನವರಿಗೆ ಸಿಲಿಕಾನ್ ತುಂಡೇ ಕಣ್ಣಿಗೆ ಬರುತ್ತದೆ. ಎರಡನೆಯದು, ‘ಕೈಗೆ ಚಿಪ್ಪು ಬಂತು’ ಅಂದರೆ ಏನು ಅಂತ ನಿಮಗೇ ಗೊತ್ತು. ಒಂದು ಹೊಸ ವಿಷಯ ಕಲಿಯಲು ಬಂದವರಿಗೆ ಮೊದಲ ಪುಟದಲ್ಲೇ ಚಿಪ್ಪು ಕೊಡುವುದು ಸರಿಯಾ?

ಇನ್ನೊಂದು ತೊಡಕು ಬರೆಯುತ್ತಾ ಗೊತ್ತಾಯಿತು. ಎಲ್ಲವೂ ಎಲೆಕ್ಟ್ರಾನ್ ಥರ ಅಲ್ಲ. 2022ರಲ್ಲಿ 1.0 ಆವೃತ್ತಿಗೆ ಬಂದ ಟೌರಿ ಎಂಬ ಇಂಥದೇ ಇನ್ನೊಂದು ಸಾಧನ ತನ್ನ ಜೊತೆ ಬ್ರೌಸರನ್ನು ಹೊತ್ತು ತರುವುದಿಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್‌ಗಳಲ್ಲಿ ಆಗಲೇ ಇರುವ, ವೆಬ್ ಪುಟ ತೋರಿಸುವ ಭಾಗವಾದ ವೆಬ್‌ವ್ಯೂ ಅನ್ನೇ ಬಳಸಿಕೊಳ್ಳುತ್ತದೆ. ಅದರ ಒಳಭಾಗ ರಸ್ಟ್ ಭಾಷೆಯಲ್ಲಿದೆ. ಇದಕ್ಕೆ ಚಿಪ್ಪು ಒಪ್ಪುವುದಿಲ್ಲ. ಇದು ಬಾಡಿಗೆ ಮನೆ. ಆ್ಯಪ್ ಚಿಕ್ಕದಾಗುತ್ತದೆ, ಆದರೆ ಒಂದೊಂದು ಕಡೆ ಮನೆ ಒಂದೊಂದು ಥರ ಇರುತ್ತದೆ, ಅದಕ್ಕೆ ಹೊಂದಿಕೊಳ್ಳಬೇಕು. ಇನ್ನು ಪಿಎಚ್‌ಪಿ ಭಾಷೆಯಲ್ಲಿ ಡೆಸ್ಕ್‌ಟಾಪ್ ಆ್ಯಪ್ ಕಟ್ಟಲು 2001ರಲ್ಲಿ ಬಂದಿದ್ದ ಪಿಎಚ್‌ಪಿ-ಜಿಟಿಕೆಯಲ್ಲಿ ಬ್ರೌಸರಿನ ಮಾತೇ ಇರಲಿಲ್ಲ. ವೆಬ್ ಪುಟಕ್ಕೆಂದು ಹುಟ್ಟಿದ ಪಿಎಚ್‌ಪಿ ನೇರವಾಗಿ ಡೆಸ್ಕ್‌ಟಾಪಿನ ಗುಂಡಿ, ಕಿಟಕಿಗಳನ್ನೇ ಮುಟ್ಟುತ್ತಿತ್ತು. ಹಾಗಾದರೆ ಮೂರಕ್ಕೂ ಹೊಂದುವ ಒಂದು ಪದ ಬೇಕಾ, ಅಥವಾ ಮೂರಕ್ಕೆ ಮೂರು ಪದ ಇದ್ದರೇ ಓದುವವರಿಗೆ ಬೇಗ ತಿಳಿಯುತ್ತದಾ? ನನ್ನ ಒಲವು ಎರಡನೆಯದರ ಕಡೆಗೆ. ‘ಫ್ರೇಮ್‌ವರ್ಕ್’ಗೆ ಚೌಕಟ್ಟು ಅನ್ನೋದು ಹೇಗೂ ಇದೆ, ಎಲ್ಲವನ್ನೂ ಸೇರಿಸಿ ಹೇಳಬೇಕಾದಾಗ ಅದು ಸಾಕು.

‘ರೆಂಡರ್’ ಅಂದರೆ ಕೋಡನ್ನು ತೆರೆಯ ಮೇಲೆ ಕಾಣುವ ರೂಪಕ್ಕೆ ತರುವುದು. ಅದಕ್ಕೆ ನನಗೆ ಸಿಕ್ಕ ಪದ ‘ಮೂಡಿಸು’. ಇದರಲ್ಲಿ ನನಗೆ ಅನುಮಾನವೇ ಇಲ್ಲ. ತೆರೆಯ ಮೇಲೆ ಚಿತ್ರ ಮೂಡಿತು ಅಂತ ನಾವು ಎಂದಿನಿಂದಲೂ ಹೇಳುತ್ತೇವೆ. ‘ಬಿಂಬಿಸು’, ‘ನಿರೂಪಿಸು’ ಎರಡಕ್ಕಿಂತಲೂ ಇದು ಹಗುರ. ಕಷ್ಟ ಇರುವುದು ಅದರ ಜೊತೆಗಿನ ‘ಪ್ರೊಸೆಸ್’ನಲ್ಲಿ. ಎಲೆಕ್ಟ್ರಾನ್‌ನಲ್ಲಿ ಒಂದು ಮೇನ್ ಪ್ರೊಸೆಸ್ ಇರುತ್ತದೆ, ಅದು ಕಿಟಕಿ ತೆರೆಯುತ್ತದೆ, ಕಡತ ಮುಟ್ಟುತ್ತದೆ. ಕಿಟಕಿಯೊಳಗೆ ಪುಟ ಮೂಡಿಸುವುದು ಬೇರೆ ಪ್ರೊಸೆಸ್. ಇವೆರಡೂ ಒಂದಕ್ಕೊಂದು ಸುದ್ದಿ ಕಳಿಸಿಕೊಂಡು ಕೆಲಸ ಮಾಡುತ್ತವೆ. ‘ಪ್ರಕ್ರಿಯೆ’ ಅಂದರೆ ಹಾಲು ಮೊಸರಾಗುವಂಥ, ಹಂತ ಹಂತವಾಗಿ ನಡೆಯುವ ಸಂಗತಿ. ಪ್ರೊಸೆಸ್ ನಿಲ್ಲಿಸುವುದಕ್ಕೆ ಇಂಗ್ಲಿಷಿನಲ್ಲಿ ‘ಕಿಲ್’ ಅನ್ನುತ್ತಾರೆ, ಆದರೆ ‘ಪ್ರಕ್ರಿಯೆಯನ್ನು ಕೊಂದೆ’ ಅಂದರೆ ಯಾರಿಗೂ ಅರ್ಥವಾಗದು. ಇಲ್ಲಿ ಬೇಕಾದದ್ದು ಈಗ ಓಡುತ್ತಿರುವ ಒಂದು ಪ್ರೋಗ್ರಾಮಿನ ಹೆಸರು. ‘ಓಟ’ ಅಂದರೆ ಹೇಗೆ? ‘ತಾಯಿ ಓಟ’, ‘ಮೂಡಿಸುವ ಓಟ’. ಬರೆದು ನೋಡಿದೆ, ಯಾವುದೋ ಪಂದ್ಯದ ವರದಿಯಂತೆ ಕೇಳಿತು. ‘ತಾಯಿ’ಯನ್ನು ಇಟ್ಟುಕೊಂಡೆ, ‘ಓಟ’ ಬಿಟ್ಟೆ. ಸದ್ಯಕ್ಕೆ ‘ತಾಯಿ ಪ್ರೊಸೆಸ್’ ಅಂತ ಕಲಬೆರಕೆ ನಡೆಸಿದ್ದೇನೆ.

‘ಸ್ಯಾಂಡ್‌ಬಾಕ್ಸ್’ಗೆ ‘ಬೇಲಿ’ ಅಂದಿದ್ದೇನೆ, ಮರಳಿನ ಪೆಟ್ಟಿಗೆ ನಮಗೆ ಬೇಡ ಅಲ್ವಾ. ಬ್ರೌಸರಿನಲ್ಲಿ ವೆಬ್ ಪುಟ ಬೇಲಿಯೊಳಗೆ ಇರುತ್ತದೆ, ನಿಮ್ಮ ಕಡತಗಳನ್ನು ತಾನಾಗಿ ಓದುವಂತಿಲ್ಲ. ಡೆಸ್ಕ್‌ಟಾಪ್ ಆ್ಯಪ್‌ಗೆ ಕಡತ ಬೇಕೇ ಬೇಕು, ಹಾಗಾಗಿ ಬೇಲಿಗೆ ಒಂದು ಗೇಟು ಇಡಬೇಕಾಗುತ್ತದೆ. ಹಳೆಯ ಎಲೆಕ್ಟ್ರಾನ್‌ನಲ್ಲಿ ಪುಟದ ಕೋಡಿಗೇ ನೋಡ್‌ನ ಬಲವೆಲ್ಲ ಸಿಗುತ್ತಿತ್ತು. ಎಲ್ಲಿಂದಲೋ ತಂದ ಪುಟವನ್ನು ಅದರಲ್ಲಿ ತೆರೆದರೆ ಅದು ಕಡತಗಳವರೆಗೂ ಕೈಚಾಚಬಹುದಿತ್ತು. 2019ರ 5ನೇ ಆವೃತ್ತಿಯಿಂದ ಅದನ್ನು ತಾನಾಗಿಯೇ ಮುಚ್ಚಿರುವಂತೆ ಮಾಡಿದ್ದಾರೆ. ಈಗ ‘ಪ್ರೀಲೋಡ್’ ಎಂಬ ಸಣ್ಣ ಸ್ಕ್ರಿಪ್ಟ್ ಆ ಗೇಟಿನಲ್ಲಿ ನಿಂತು, ಯಾವುದನ್ನು ಒಳಗೆ ಬಿಡಬೇಕೋ ಅದನ್ನಷ್ಟೇ ಬಿಡುತ್ತದೆ. ಪ್ರೀಲೋಡ್ ಅನ್ನು ‘ಮುಂಹೇರು’ ಅನ್ನುವ ಬದಲು ‘ಗೇಟಿನ ಸ್ಕ್ರಿಪ್ಟ್’ ಅಂದರೆ ಮೂಲಕ್ಕೆ ದೂರ, ಕೆಲಸಕ್ಕೆ ಹತ್ತಿರ. ಹಾಗೆ ಬರೆಯುವ ಧೈರ್ಯ ಇನ್ನೂ ಬಂದಿಲ್ಲ.

ಹಾಗಾಗಿ ನನಗೆ ಮುಖ್ಯವಾಗಿ ಬೇಕಾದದ್ದು ಎರಡು. ‘ಚಿಪ್ಪು’ ಅಂತ ಓದಿದ ಕೂಡಲೇ ನಿಮಗೆ ಹೊಳೆದದ್ದು ಬಸವನಹುಳುವೋ, ಸಿಲಿಕಾನೋ, ಖಾಲಿ ಕೈಯೋ? ಮತ್ತೆ, ಓಡುತ್ತಿರುವ ಪ್ರೋಗ್ರಾಮಿಗೆ ನಿಮ್ಮ ಕಡೆ ಆಡುಮಾತಿನಲ್ಲಿ ‘ಪ್ರೊಸೆಸ್’ ಬಿಟ್ಟು ಬೇರೆ ಏನಾದರೂ ಅನ್ನುತ್ತಾರಾ?