ಹದಿನೈದು ತುಂಬುವ ಮಗನಿಗೆ ಎ-ಟ್ರ್ಯಾಕ್ಟರ್ ಕೊಡಿಸಬಹುದೇ?

ಪ್ರಶ್ನೆ: ಲುಡ್ವಿಕಾದ ತಂದೆ

ಎಲ್ಲರಿಗೂ ನಮಸ್ಕಾರ. ವಿದ್ಯುತ್ ಪ್ರಸರಣ ಕ್ಷೇತ್ರದ ಉದ್ಯೋಗದ ನಿಮಿತ್ತ ನಾವು ಸ್ವೀಡನ್ನಿನ ದಾಲಾರ್ನಾ ಪ್ರಾಂತ್ಯದ ಲುಡ್ವಿಕಾಕ್ಕೆ ಬಂದು ಆರು ವರ್ಷಗಳಾದವು. ಬರುವ ಮಾರ್ಚ್‌ನಲ್ಲಿ ಮಗನಿಗೆ 15 ತುಂಬುತ್ತದೆ. ಮೂರು ತಿಂಗಳಿಂದ ಊಟಕ್ಕೆ ಕುಳಿತಾಗಲೆಲ್ಲ ಅವನದು ಒಂದೇ ಪಲ್ಲವಿ, ಎ-ಟ್ರ್ಯಾಕ್ಟರ್. ಇತರ ದೇಶಗಳಲ್ಲಿರುವವರಿಗಾಗಿ ಹೇಳುತ್ತೇನೆ: ಹೆಸರಿಗೆ ಟ್ರ್ಯಾಕ್ಟರ್ ಆದರೂ ಅದು ಕಾರೇ. ವೇಗವನ್ನು ಗಂಟೆಗೆ 30 ಕಿ.ಮೀ.ಗೆ ಕಟ್ಟಿಹಾಕಿ, ಹಿಂದೆ ನಿಧಾನಗತಿಯ ವಾಹನದ ಕೆಂಪು ತ್ರಿಕೋನ ಫಲಕ ಮತ್ತು ಟ್ರೇಲರ್ ಎಳೆಯುವ ಕೊಂಡಿ ಹಾಕಿಸಿದ, ಹೆಚ್ಚಾಗಿ ಹಳೆಯ ವೋಲ್ವೊ. ಮೊಪೆಡ್ ಪರವಾನಗಿ ಇದ್ದವರು 15ನೇ ವಯಸ್ಸಿಗೇ ಇದನ್ನು ಓಡಿಸಬಹುದು.

ಶುಕ್ರವಾರ ಸಂಜೆ ನಮ್ಮ ಮನೆಯ ಕಿಟಕಿಯಿಂದ ಇವುಗಳ ಮೆರವಣಿಗೆಯೇ ಕಾಣುತ್ತದೆ. ಪೆಟ್ರೋಲ್ ಬಂಕಿನಿಂದ ಪಿಟ್ಸಾ ಅಂಗಡಿಗೆ, ಅಲ್ಲಿಂದ ರೈಲು ನಿಲ್ದಾಣಕ್ಕೆ, ಮತ್ತೆ ಬಂಕಿಗೆ. ಹಿಂಭಾಗದಲ್ಲಿ ಬೀರುವಿನಷ್ಟು ದೊಡ್ಡ ಸ್ಪೀಕರು, ಕನ್ನಡಿಯಲ್ಲಿ ತೂಗಾಡುವ ಬಟ್ಟೆಯ ದಾಳಗಳು. ಭಾರತದಲ್ಲಿ 2019ರ ತಿದ್ದುಪಡಿಯ ನಂತರ ಅಪ್ರಾಪ್ತರು ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಇಲ್ಲಿ ಸರ್ಕಾರವೇ ಕೀಲಿಕೈ ಕೊಡುತ್ತದೆ. ಈ ಎರಡನ್ನೂ ಒಂದೇ ತಲೆಯಲ್ಲಿ ಇಟ್ಟುಕೊಳ್ಳುವುದು ನನಗೆ ಕಷ್ಟವಾಗಿದೆ. ಗುರಿಯಿಲ್ಲದೆ ಊರು ಸುತ್ತುವುದನ್ನು ಹವ್ಯಾಸವೆಂದು ಒಪ್ಪಿಕೊಳ್ಳಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ 1: ಹಳೆಯ ವಲಸಿಗ

ನಾನು ಈ ದೇಶಕ್ಕೆ ಬಂದು ಇಪ್ಪತ್ತು ವರ್ಷಗಳ ಮೇಲಾಯಿತು. ಮೊದಮೊದಲು ಆ ತ್ರಿಕೋನದ ಹಿಂದೆ ಸಿಕ್ಕಿಕೊಂಡಾಗಲೆಲ್ಲ ಶಪಿಸಿದವನೇ. ಇದರ ಹುಟ್ಟಿನ ಕಥೆ ತಿಳಿದ ಮೇಲೆ ಸ್ವಲ್ಪ ತಣ್ಣಗಾದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಇಲ್ಲಿನ ಸಣ್ಣ ರೈತರಿಗೆ ನಿಜವಾದ ಟ್ರ್ಯಾಕ್ಟರ್ ಕೈಗೆಟುಕುತ್ತಿರಲಿಲ್ಲವಾದ್ದರಿಂದ ಹಳೆಯ ಕಾರಿನ ಹಿಂಭಾಗವನ್ನು ಕತ್ತರಿಸಿ, ಗೇರನ್ನು ತಗ್ಗಿಸಿ ಹೊಲಕ್ಕೆ ಇಳಿಸುತ್ತಿದ್ದರು. ಅಗ್ಗದ ಸಾಮಾನಿಗೆ ಹೆಸರಾಗಿದ್ದ ‘ಎಪಾ’ ಎಂಬ ಮಳಿಗೆಗಳ ಹೆಸರನ್ನೇ ಜನ ಅದಕ್ಕೆ ಕುಚೋದ್ಯವಾಗಿ ಅಂಟಿಸಿದರು. 1940ರಲ್ಲಿ ಅದಕ್ಕೆ ಕಾನೂನಿನ ಮನ್ನಣೆ ಸಿಕ್ಕಿತು. ನಿಜವಾದ ಟ್ರ್ಯಾಕ್ಟರುಗಳು ಹೊಲಕ್ಕೆ ಬಂದ ಮೇಲೆ ರೈತರು ಎಪಾವನ್ನು ಬಿಟ್ಟರು, ಅವರ ಮಕ್ಕಳು ಬಿಡಲಿಲ್ಲ. 1963ರಲ್ಲಿ ಎ-ಟ್ರ್ಯಾಕ್ಟರ್ ಎಂಬ ಹೊಸ ವರ್ಗ ಬಂದು, 1975ರಲ್ಲಿ ಎಪಾದ ಹೊಸ ನೋಂದಣಿ ನಿಂತುಹೋದರೂ ಹುಡುಗರ ಬಾಯಲ್ಲಿ ಇಂದಿಗೂ ಅದು ಎಪಾವೇ.

ಊರು ಸುತ್ತುವ ಚಾಳಿಯೂ ಇವರು ಹುಟ್ಟುಹಾಕಿದ್ದಲ್ಲ. 1950ರ ದಶಕದಲ್ಲಿ ದೊಡ್ಡ ಅಮೆರಿಕನ್ ಕಾರುಗಳಲ್ಲಿ ಇದೇ ರೀತಿ ಬೀದಿ ಅಳೆಯುತ್ತಿದ್ದ ತರುಣರನ್ನು ‘ರಗ್ಗಾರೆ’ ಎಂದು ಕರೆದು ಇಡೀ ದೇಶ ಬೈಯುತ್ತಿತ್ತು. ಆ ಬೈಗುಳ ತಿಂದವರು ಈಗ ಅಜ್ಜಂದಿರು. ಬೇಸಿಗೆಯಲ್ಲಿ ನಿಮ್ಮ ಪ್ರಾಂತ್ಯದ್ದೇ ಆದ ರೆಟ್ವಿಕ್‌ನಲ್ಲಿ ಹಳೆಯ ಕಾರುಗಳ ವಾರ ನಡೆಯುತ್ತದೆ. ಮಗನನ್ನು ಕರೆದುಕೊಂಡು ಹೋಗಿ ಬನ್ನಿ. ಅವನಿಗೆ ಕಾರಿನ ಹುಚ್ಚಿದೆಯೋ, ಗೆಳೆಯರ ಹುಚ್ಚಿದೆಯೋ ಎಂಬುದು ಅಲ್ಲಿ ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ.

ಉತ್ತರ 2: ವೆಸ್ಟರ್‌ಬಾಟೆನ್‌ನ ಅಮ್ಮ

ಹುಡುಗರ ವಿಷಯವೆಂದೇ ಎಲ್ಲರೂ ಬರೆಯುತ್ತಿದ್ದೀರಿ. ನಮ್ಮ ಮನೆಯಲ್ಲಿ ಇದನ್ನು ಓಡಿಸುವುದು ಮಗಳು. ಅವಳು ಕುದುರೆ ಸವಾರಿ ಕಲಿಯುವ ಲಾಯ ಮನೆಯಿಂದ 11 ಕಿ.ಮೀ. ದೂರದಲ್ಲಿದೆ, ಸಂಜೆ ಆರರ ನಂತರ ಆ ಕಡೆಗೆ ಬಸ್ಸಿಲ್ಲ. ಎರಡು ವರ್ಷ ನಾನೇ ವಾರಕ್ಕೆ ನಾಲ್ಕು ಸಲ ಅವಳನ್ನು ಬಿಟ್ಟು, ಲಾಯದ ಹೊರಗೆ ಕಾರಿನೊಳಗೆ ಕಂಬಳಿ ಹೊದ್ದು ಕಾಯುತ್ತಿದ್ದೆ. ಈಗ ಅವಳು ಇಪ್ಪತ್ತೈದು ನಿಮಿಷದಲ್ಲಿ ತಾನೇ ಅಲ್ಲಿಗೆ ತಲುಪುತ್ತಾಳೆ.

ಶುಕ್ರವಾರದ ಸುತ್ತಾಟ ಅವಳಿಗೂ ಉಂಟು. ಉತ್ತರ ಸ್ವೀಡನ್ನಿನ ನಮ್ಮ ಈ ಪ್ರಾಂತ್ಯದಲ್ಲಿ ಡಿಸೆಂಬರ್ ಬಂತೆಂದರೆ ಮಧ್ಯಾಹ್ನ ಎರಡಕ್ಕೇ ಕತ್ತಲು, ಹೊರಗೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ. ನಮ್ಮೂರಲ್ಲಾದರೆ ದೇವಸ್ಥಾನದ ಕಟ್ಟೆಯೋ, ಬಸ್‌ಸ್ಟ್ಯಾಂಡಿನ ಪಕ್ಕದ ಚಹಾ ಅಂಗಡಿಯೋ ಇರುತ್ತಿತ್ತು. ಇಲ್ಲಿನ ಮಕ್ಕಳಿಗೆ ಹೀಟರ್ ಇರುವ ಈ ಡಬ್ಬಿಯೇ ಕಟ್ಟೆ. ಎರಡು ಗಾಡಿಗಳನ್ನು ಚಾಲಕರ ಕಿಟಕಿಗಳು ಎದುರುಬದುರಾಗುವಂತೆ ನಿಲ್ಲಿಸಿ, ಗಾಜನ್ನು ನಾಲ್ಕು ಬೆರಳಷ್ಟು ಇಳಿಸಿ ಗಂಟೆಗಟ್ಟಲೆ ಹರಟುತ್ತಾರೆ. ಕಳೆದ ಅಕ್ಟೋಬರಿನಲ್ಲಿ ಗೆಳತಿಯ ಕೊಟ್ಟಿಗೆಯಲ್ಲಿ ಬ್ರೇಕ್ ಪ್ಯಾಡ್ ಬದಲಾಯಿಸಿ ಬಂದವಳ ಕೈಯ ಕರಿಯನ್ನು ತೆಗೆಯಲು ಕಡಲೆಹಿಟ್ಟು ಕೊಟ್ಟೆ. ಪಿಯಾನೋ ತರಗತಿಗೆ ಹಣ ಕಟ್ಟಿ ನಾಲ್ಕು ವರ್ಷದಲ್ಲಿ ಕಾಣದ ಶ್ರದ್ಧೆಯನ್ನು ಆ ಬ್ರೇಕಿನ ವಿಷಯದಲ್ಲಿ ಕಂಡೆನೆಂದು ಒಪ್ಪಿಕೊಳ್ಳಲೇಬೇಕು. ಸಂಗೀತದ ಸದ್ದಿಗೆ ಮಾತ್ರ ನನ್ನ ಬಳಿ ಉಪಾಯವಿಲ್ಲ.

ಉತ್ತರ 3: ಯಂತ್ರದವನು

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಮುಖ್ಯವಾದದ್ದನ್ನು ಯಾರೂ ಹೇಳಲಿಲ್ಲ. ಈ ವಾಹನದ ಪ್ರಾಣವಿರುವುದು ಅದರ ವೇಗಮಿತಿಯಲ್ಲಿ. ಹಿಂದೆ ಎರಡು ಗೇರ್‌ಬಾಕ್ಸ್‌ಗಳನ್ನು ಒಂದರ ಹಿಂದೊಂದು ಜೋಡಿಸಿ ವೇಗ ತಗ್ಗಿಸುತ್ತಿದ್ದರು. 2020ರಲ್ಲಿ ನಿಯಮ ಸಡಿಲವಾದ ಮೇಲೆ ಎಲೆಕ್ಟ್ರಾನಿಕ್ ನಿಯಂತ್ರಣ ಸಾಕಾಗಿದ್ದರಿಂದ ಪರಿವರ್ತನೆ ಸುಲಭವಾಯಿತು, ಗಾಡಿಗಳು ಹೆಚ್ಚಿದವು. ನಿಯಂತ್ರಣವನ್ನು ತಪ್ಪಿಸುವುದೂ ಅಷ್ಟೇ ಸುಲಭ. ಹಾಗೆ ತಪ್ಪಿಸಿದ ಕ್ಷಣದಿಂದ ಕಾನೂನಿನ ಕಣ್ಣಿನಲ್ಲಿ ಅದು ಟ್ರ್ಯಾಕ್ಟರ್ ಅಲ್ಲ, ಕಾರು. ಓಡಿಸುವ ಹುಡುಗ ಪರವಾನಗಿಯಿಲ್ಲದ ಚಾಲಕ. ಗೊತ್ತಿದ್ದೂ ಬಿಟ್ಟ ತಂದೆಯೂ ತಪ್ಪಿತಸ್ಥ. ನೀವು ಭಾರತಕ್ಕೂ ಇಲ್ಲಿಗೂ ಅಜಗಜಾಂತರವೆಂದಿರಿ, ಈ ಒಂದು ಜಾಗದಲ್ಲಿ ಎರಡೂ ಕಾನೂನು ಹತ್ತಿರ ಬರುತ್ತವೆ.

ನನ್ನ ಮಗನಿಗೆ ಖಾಸಗಿ ಮಾರಾಟಗಾರರೊಬ್ಬರಿಂದ ಕೊಂಡ ಗಾಡಿಯಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ, ಬೂದಿತಟ್ಟೆಯ ಹಿಂದೆ, ಉಗುರಿನಷ್ಟು ಗಾತ್ರದ ಒಂದು ಸ್ವಿಚ್ ಸಿಕ್ಕಿತು. ಒತ್ತಿದರೆ 90 ದಾಟುತ್ತಿತ್ತು. ಅದನ್ನು ಮಗನ ಎದುರಿಗೇ ಕತ್ತರಿಸಿದೆ; ಒಂದು ವಾರ ಅವನು ನನ್ನೊಡನೆ ಮಾತು ಬಿಟ್ಟಿದ್ದ.

30ರ ವೇಗವೆಂದರೆ ಕ್ಷೇಮ ಎಂದೂ ತಿಳಿಯಬೇಡಿ. 80ರಲ್ಲಿ ಬರುವ ಲಾರಿಗೆ ತಿರುವಿನಾಚೆ ಈ ಗಾಡಿ ಹೆಚ್ಚುಕಡಿಮೆ ನಿಂತ ಗೋಡೆಯೇ. ಮೋಟಾರ್‌ವೇ ಎಂಬ ಅತಿವೇಗದ ಹೆದ್ದಾರಿಗೆ ಹೇಗೂ ಪ್ರವೇಶವಿಲ್ಲ, ಹಳ್ಳಿದಾರಿಗಳಲ್ಲಿ ತ್ರಿಕೋನ ಫಲಕವನ್ನು ಪ್ರತಿಸಲವೂ ಹಿಮ ಒರೆಸಿ ಹೊರಡಬೇಕು. 2023ರಿಂದ ಸೀಟ್ ಬೆಲ್ಟ್ ಕಡ್ಡಾಯ, ಬೆಲ್ಟ್ ಇರುವ ಆಸನದಲ್ಲಿ ಮಾತ್ರ ಜನ ಕೂರಬಹುದು, ನಿಯತವಾದ ತಪಾಸಣೆಯೂ ಬಂದಿದೆ. ಐದು ಗೆಳೆಯರನ್ನು ಹಿಂದಿನ ಸಾಮಾನಿನ ಜಾಗಕ್ಕೆ ತುಂಬಿಕೊಳ್ಳುವ ಕಾಲ ಮುಗಿಯಿತೆಂದು ಅವನಿಗೆ ಈಗಲೇ ಹೇಳಿಬಿಡಿ.

ಪ್ರಶ್ನೆ ಕೇಳಿದವರಿಂದ: ಲುಡ್ವಿಕಾದ ತಂದೆ

ಮೂವರಿಗೂ ಕೃತಜ್ಞತೆಗಳು. ನಿನ್ನೆ ಮಗನೂ ನಾನೂ 1992ರ ವೋಲ್ವೊ 940 ಒಂದನ್ನು ನೋಡಿ ಬಂದೆವು. ಉತ್ತರ ಮೂರನ್ನು ಓದಿ ಹೋಗಿದ್ದರಿಂದ ಬೂದಿತಟ್ಟೆಯನ್ನು ಮೊದಲು ಕಳಚಿದೆ, ಸ್ವಿಚ್ ಇರಲಿಲ್ಲ. ನನಗೆ ಹೊಳೆಯದ ಜಾಗವನ್ನು ಮಗ ನೋಡಿದ: ನೆಲಹಾಸನ್ನು ಎತ್ತಿ, ಚಾಲಕನ ಕಾಲಡಿಯ ತಗಡನ್ನು ಹೆಬ್ಬೆರಳಿನಿಂದ ಒತ್ತಿದಾಗ ಬೆರಳು ತುಕ್ಕಿನ ಮೂಲಕ ಆಚೆ ಹೋಯಿತು. ಮಾರುವವರು ಬೆಲೆ ಇಳಿಸಲು ಸಿದ್ಧರಿದ್ದಾರೆ. ವೆಲ್ಡಿಂಗ್ ಕಲಿಯುತ್ತೇನೆಂದು ಅವನು ಹಟ ಹಿಡಿದಿದ್ದಾನೆ. ಉತ್ತರ ಮೂರರವರು ಹೇಳಬೇಕು: ತಳದ ತಗಡನ್ನು ಗ್ಯಾರೇಜಿನಲ್ಲಿ ಬೆಸುಗೆ ಹಾಕಿಸಿದರೆ ತಪಾಸಣೆಯಲ್ಲಿ ಪಾಸಾಗುತ್ತದೆಯೇ, ಅಥವಾ ಬೇರೆ ಗಾಡಿಯನ್ನೇ ಹುಡುಕಲೇ?