ಸಮಾನದುಃಖಿಗಳ ಗುಂಪಿಗೆ ಸೇರಿದರೆ ಮನಸ್ಸು ಹಗುರಾಗುತ್ತದೆಯೇ, ಇನ್ನಷ್ಟು ಭಾರವಾಗುತ್ತದೆಯೇ?

ಹೊಸಹೆಜ್ಜೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದೇನೆ. ಈಗ ನಿದ್ರೆ ಸರಿಯಾಗಿದೆ, ಮಾತ್ರೆಗಳ ಪ್ರಮಾಣ ಇಳಿದಿದೆ, ಕೆಲಸಕ್ಕೂ ಮರಳಿದ್ದೇನೆ. ಆದರೆ ಕಾಯಿಲೆ ಖಾಲಿ ಮಾಡಿಹೋದ ಜಾಗದಲ್ಲಿ ಒಂದು ವಿಚಿತ್ರವಾದ ಒಂಟಿತನ ಬಂದು ಕುಳಿತಿದೆ. ಮನೆಯವರಿಗೆ ನನ್ನ ಮೇಲೆ ಅಕ್ಕರೆ ಕಡಿಮೆಯಿಲ್ಲ. ಆದರೂ ನಾನು ಅರ್ಧ ಗಂಟೆ ಸುಮ್ಮನೆ ಕುಳಿತರೆ ಸಾಕು, 'ಮಾತ್ರೆ ತಪ್ಪಿಸಿಲ್ಲ ತಾನೇ?' ಎಂಬ ಪ್ರಶ್ನೆ ಬರುತ್ತದೆ. ಸ್ನೇಹಿತರು ಆ ವಿಷಯವನ್ನು ಎತ್ತುವುದೇ ಇಲ್ಲ. ಹೀಗಾಗಿ ಒಂದು ಕಡೆ ನಾನು ಬರೀ ರೋಗಿ, ಇನ್ನೊಂದು ಕಡೆ ನನಗೆ ಏನೂ ಆಗಿಯೇ ಇಲ್ಲ ಎಂಬಂತಾಗಿದೆ.

ಕಳೆದ ಭೇಟಿಯಲ್ಲಿ ನನ್ನ ವೈದ್ಯರು ಒಂದು ಬೆಂಬಲ ಗುಂಪಿನ ಬಗ್ಗೆ ತಿಳಿಸಿದರು. ಇದೇ ಬಗೆಯ ಕಾಯಿಲೆಯನ್ನು ಅನುಭವಿಸಿದವರು ಹದಿನೈದು ದಿನಗಳಿಗೊಮ್ಮೆ ಸೇರಿ ಮಾತನಾಡುತ್ತಾರಂತೆ. ಅದನ್ನು ನಡೆಸಿಕೊಡುವವರೂ ಚೇತರಿಸಿಕೊಂಡ ಒಬ್ಬರೇ ಹೊರತು ವೈದ್ಯರಲ್ಲ. ನನಗಿರುವ ಅನುಮಾನಗಳು ಎರಡು. ಈಗಷ್ಟೇ ನೀರಿನಿಂದ ಮೇಲೆ ಬಂದಿರುವ ನಾನು, ಇನ್ನೂ ಮುಳುಗುತ್ತಿರುವವರ ಮಾತುಗಳನ್ನು ಕೇಳುತ್ತಾ ಕುಳಿತರೆ ಮತ್ತೆ ಒಳಗೆ ಎಳೆಯಲ್ಪಡುವುದಿಲ್ಲವೇ? ಎರಡನೆಯದಾಗಿ, ವೈದ್ಯರು ಮತ್ತು ಆಪ್ತಸಮಾಲೋಚಕರು ಕೊಡಲಾಗದ ಯಾವುದನ್ನು ತರಬೇತಿಯಿಲ್ಲದ ನನ್ನಂಥವರೇ ನನಗೆ ಕೊಡಬಲ್ಲರು? ಇದಕ್ಕೆ ಅಧ್ಯಯನಗಳ ಆಧಾರವಿದೆಯೇ, ಅಥವಾ ಇದು ಕೇಳಲು ಹಿತವಾಗಿರುವ ಸಲಹೆ ಮಾತ್ರವೇ? ಅನುಭವವಿರುವವರು ದಯವಿಟ್ಟು ತಿಳಿಸಿ.

ಅಳತೆಗೋಲು

ಮಾನಸಿಕ ಆರೋಗ್ಯದ ಅಧ್ಯಯನಗಳ ಅಂಕಿಅಂಶಗಳನ್ನು ವಿಶ್ಲೇಷಿಸುವುದು ನನ್ನ ಉದ್ಯೋಗ. ಹಾಗಾಗಿ ನಿಮ್ಮ ಎರಡನೆಯ ಪ್ರಶ್ನೆಯನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಆಧಾರವಿದೆ, ಆದರೆ ಉತ್ಸಾಹಿಗಳು ಹೇಳುವಷ್ಟು ನೇರವಾಗಿಲ್ಲ.

ಮೊದಲು ನಿರಾಶೆಯ ಭಾಗ. ತೀವ್ರ ಮಾನಸಿಕ ಕಾಯಿಲೆ ಇರುವವರಿಗೆ ಅದೇ ಹಾದಿಯಲ್ಲಿ ನಡೆದುಬಂದವರಿಂದ ಸಿಕ್ಕ ಬೆಂಬಲವನ್ನು ಕುರಿತು 2014ರಲ್ಲಿ ಒಂದು ವ್ಯವಸ್ಥಿತ ವಿಮರ್ಶೆ ಪ್ರಕಟವಾಯಿತು. 18 ಪ್ರಯೋಗಗಳ, ಒಟ್ಟು 5,597 ಮಂದಿಯ ಮಾಹಿತಿಯನ್ನು ಒಗ್ಗೂಡಿಸಿ ನೋಡಿದಾಗ, ಆಸ್ಪತ್ರೆಗೆ ದಾಖಲಾಗುವುದು ಕಡಿಮೆಯಾಗುತ್ತದೆ ಎಂಬುದಕ್ಕಾಗಲಿ, ರೋಗಲಕ್ಷಣಗಳು ಒಟ್ಟಾರೆಯಾಗಿ ಇಳಿಯುತ್ತವೆ ಎಂಬುದಕ್ಕಾಗಲಿ ಆಧಾರ ಸಿಗಲಿಲ್ಲ. ನಾಳೆಯ ಬಗೆಗಿನ ಭರವಸೆ, ತನ್ನ ಬದುಕು ತನ್ನ ಕೈಯಲ್ಲಿದೆ ಎಂಬ ಭಾವ, ತನ್ನ ಚೇತರಿಕೆಯನ್ನು ತಾನೇ ಅಂದಾಜಿಸುವ ರೀತಿ, ಇವುಗಳಲ್ಲಿ ಒಂದಿಷ್ಟು ಸುಧಾರಣೆ ಕಂಡಿತು. ಅದನ್ನೂ ಪ್ರಯೋಗಗಳ ಗುಣಮಟ್ಟ ಏರುಪೇರಾಗಿದ್ದುದರಿಂದ ಎಚ್ಚರದಿಂದಲೇ ಹೇಳಬೇಕು.

ಆದರೆ ಇಂಗ್ಲೆಂಡಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗವೊಂದರ ಫಲಿತಾಂಶ ಬೇರೆಯಾಗಿತ್ತು. ಮಾನಸಿಕ ಬಿಕ್ಕಟ್ಟಿಗೆ ತುರ್ತು ಆರೈಕೆ ಪಡೆದು ಹೊರಬಂದ 441 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಚೇತರಿಕೆಯ ಯೋಜನೆ ಬರೆದುಕೊಳ್ಳುವ ಒಂದು ಕೈಪಿಡಿಯನ್ನು ಅಂಚೆಯಲ್ಲಿ ಕಳುಹಿಸಲಾಯಿತು. ಉಳಿದವರಿಗೆ ಅದೇ ಕೈಪಿಡಿಯ ಜೊತೆಗೆ, ಸ್ವತಃ ಕಾಯಿಲೆಯನ್ನು ಅನುಭವಿಸಿದ್ದ ಒಬ್ಬರು ಹತ್ತು ಭೇಟಿಗಳವರೆಗೆ ಜೊತೆಗೂಡಿದರು. ಒಂದು ವರ್ಷದೊಳಗೆ ಮತ್ತೆ ತುರ್ತು ಆರೈಕೆಗೆ ಮರಳಬೇಕಾಗಿ ಬಂದವರು ಮೊದಲ ಗುಂಪಿನಲ್ಲಿ ಶೇ. 38, ಎರಡನೆಯ ಗುಂಪಿನಲ್ಲಿ ಶೇ. 29. ಕಾಗದ ಒಂದೇ; ಅದನ್ನು ಪಕ್ಕದಲ್ಲಿ ಕುಳಿತು ಓದಿದವರು ಇದ್ದರೋ ಇಲ್ಲವೋ ಎಂಬುದೇ ವ್ಯತ್ಯಾಸ.

ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಬಾಣಂತಿಯರೊಡನೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನವೂ ಇದೇ ಜಾತಿಯದು. ಖಿನ್ನತೆಗೆ ಜಾರುವ ಸಾಧ್ಯತೆ ಹೆಚ್ಚಿದ್ದ 701 ತಾಯಂದಿರ ಪೈಕಿ ಒಂದು ಭಾಗದವರಿಗೆ, ಹಿಂದೆ ಬಾಣಂತಿ ಖಿನ್ನತೆಯನ್ನು ದಾಟಿ ಬಂದ ಸ್ವಯಂಸೇವಕಿಯರು ದೂರವಾಣಿಯಲ್ಲಿ ಮಾತನಾಡುತ್ತಿದ್ದರು. ಆ ಸ್ವಯಂಸೇವಕಿಯರಿಗೆ ಸಿಕ್ಕಿದ್ದ ತರಬೇತಿ ಕೇವಲ ನಾಲ್ಕು ಗಂಟೆಗಳದು. ಹನ್ನೆರಡು ವಾರಗಳ ಹೊತ್ತಿಗೆ ಖಿನ್ನತೆಯ ಮಟ್ಟ ಮುಟ್ಟಿದವರು ಈ ಕರೆಗಳನ್ನು ಪಡೆದ ತಾಯಂದಿರಲ್ಲಿ ಶೇ. 14, ಎಂದಿನ ಆರೈಕೆ ಮಾತ್ರ ಪಡೆದವರಲ್ಲಿ ಶೇ. 25.

ಇವುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಹೊತ್ತಿನಲ್ಲಿ, ಖಚಿತವಾದ ಒಂದು ಕೆಲಸವನ್ನು ಮುಂದಿಟ್ಟುಕೊಂಡು ನಡೆದ ಬೆಂಬಲ ಹೆಚ್ಚು ಫಲ ಕೊಟ್ಟಿದೆ. ನೀವು ಈಗ ಅಂಥದೇ ದಾಟುವ ಹೊತ್ತಿನಲ್ಲಿದ್ದೀರಿ ಎಂದು ನಿಮ್ಮ ಬರಹದಿಂದ ತೋರುತ್ತದೆ.

ಇನ್ನೊಂದು ಮಾತು. ಸಮುದಾಯದ ಬೆಂಬಲ ಮತ್ತು ಸಮಾನದುಃಖಿಗಳ ಬೆಂಬಲ ಎರಡನ್ನೂ ಒಂದೇ ಎಂದು ಭಾವಿಸುವ ರೂಢಿಯಿದೆ. ಜಿಂಬಾಬ್ವೆಯಲ್ಲಿ ಮನೋವೈದ್ಯ ಡಿಕ್ಸನ್ ಚಿಬಾಂಡ ಅವರು ಆರಂಭಿಸಿದ 'ಫ್ರೆಂಡ್‌ಶಿಪ್ ಬೆಂಚ್' ಕಾರ್ಯಕ್ರಮದಲ್ಲಿ ಆರೋಗ್ಯ ಕೇಂದ್ರದ ಹೊರಗಿನ ಬೆಂಚಿನ ಮೇಲೆ ಕುಳಿತು ಮಾತನಾಡಿಸುವ ಅಜ್ಜಿಯರು ತಾವೇ ಆ ಕಾಯಿಲೆಯನ್ನು ಅನುಭವಿಸಿರಬೇಕೆಂದೇನಿಲ್ಲ. ಅವರು ಊರಿನವರು, ಜನ ಬಳಸುವ ಮಾತನ್ನೇ ಬಳಸುವವರು, ಸಮಸ್ಯೆಯನ್ನು ಬಿಡಿಸಿ ನೋಡುವ ಕ್ರಮಬದ್ಧ ವಿಧಾನದಲ್ಲಿ ತರಬೇತಾದವರು. 2016ರಲ್ಲಿ ಪ್ರಕಟವಾದ ಅದರ ಪ್ರಯೋಗದಲ್ಲಿ 573 ಮಂದಿ ಭಾಗವಹಿಸಿದ್ದರು. ಆರು ತಿಂಗಳ ನಂತರ ಖಿನ್ನತೆಯ ಲಕ್ಷಣಗಳು ಉಳಿದಿದ್ದವರು ಬೆಂಚಿನ ಆರೈಕೆ ಪಡೆದವರಲ್ಲಿ ಶೇ. 13.7 ಮಾತ್ರ, ಉಳಿದವರಲ್ಲಿ ಸುಮಾರು ಅರ್ಧದಷ್ಟು. ಪದವಿಯಿಲ್ಲದವರಿಗೆ ತರಬೇತಿಯೂ ಇಲ್ಲ ಎಂದು ತಿಳಿಯಬೇಕಾಗಿಲ್ಲ. ಆದ್ದರಿಂದ ನೀವು ಸೇರಬೇಕೆಂದಿರುವ ಗುಂಪನ್ನು ನಡೆಸುವವರು ಏನನ್ನಾದರೂ ಕಲಿತಿದ್ದಾರೆಯೇ ಎಂದು ವಿಚಾರಿಸುವುದು ಅವಿನಯವೇನಲ್ಲ.

ಕೇಳುಗ

ಐದು ವರ್ಷಗಳಿಂದ ಇಂತಹ ಒಂದು ಗುಂಪನ್ನು ನಡೆಸಿಕೊಂಡು ಬರುತ್ತಿದ್ದೇನೆ. ಅದಕ್ಕೂ ಮುಂಚೆ ಮೂರು ವರ್ಷ ಅದೇ ಗುಂಪಿನಲ್ಲಿ ಸದಸ್ಯನಾಗಿದ್ದೆ. ಅಳತೆಗೋಲು ಅವರು ಕೊಟ್ಟ ಅಂಕಿಗಳು ನನಗೆ ತಿಳಿದಿರಲಿಲ್ಲ. ಆದರೆ 'ಪಕ್ಕದಲ್ಲಿ ಕುಳಿತು ಓದಿದವರು' ಎಂಬ ಮಾತನ್ನು ಓದಿದಾಗ ನಮ್ಮ ಕೋಣೆಯೇ ಕಣ್ಣ ಮುಂದೆ ಬಂತು.

ಹೊಸಹೆಜ್ಜೆ ಅವರೇ, ನಿಮ್ಮ ಮೊದಲನೆಯ ಭಯ ಪೊಳ್ಳಲ್ಲ. ಗುಂಪಿಗೆ ಒಂದು ಕಟ್ಟುಪಾಡು ಇಲ್ಲದಿದ್ದರೆ ನೀವು ಹೇಳಿದಂತೆಯೇ ಆಗುತ್ತದೆ. ನಮ್ಮಲ್ಲಿ ಒಂದೂವರೆ ಗಂಟೆಯ ಸಭೆಗೆ ಆರಂಭ ಮತ್ತು ಮುಕ್ತಾಯ ಗಡಿಯಾರದ ಪ್ರಕಾರ ನಡೆಯುತ್ತವೆ. ಯಾರೇ ಆಗಲಿ ತಮ್ಮ ವಿಷಯವನ್ನು ಮಾತ್ರ ಹೇಳಬೇಕು, 'ನೀನು ಹೀಗೆ ಮಾಡು' ಎನ್ನಬಾರದು. ಸಲಹೆ ಬೇಕೆಂದರೆ ಬೇಕಾದವರೇ ಕೇಳಬೇಕು. ಮಾತನಾಡಲು ಮನಸ್ಸಿಲ್ಲದವರು 'ಇವತ್ತು ಬೇಡ' ಎಂದರೆ ಕಾರಣ ಕೇಳುವಂತಿಲ್ಲ. ಮಾತ್ರೆಯ ಪ್ರಮಾಣ ಕುರಿತ ಪ್ರಶ್ನೆ ವೈದ್ಯರಿಗೇ ಹೋಗಬೇಕು. ಕೊನೆಯ ಹತ್ತು ನಿಮಿಷಗಳಲ್ಲಿ ಪ್ರತಿಯೊಬ್ಬರೂ ಮುಂದಿನ ಸಭೆಯೊಳಗೆ ತಾವು ಮಾಡಲಿರುವ ಒಂದು ಸಣ್ಣ ಕೆಲಸವನ್ನು ಹೇಳುತ್ತಾರೆ. ಕಪಾಟಿನ ಒಂದು ಖಾನೆ ಜೋಡಿಸುವುದು, ಎರಡು ತಿಂಗಳಿಂದ ತೆರೆಯದ ಪತ್ರವೊಂದನ್ನು ಒಡೆದು ಓದುವುದು, ಇಷ್ಟೇ. ಹೊರಗಿನವರಿಗೆ ಇದು ನಗು ತರಿಸಬಹುದು. ಆ ಪತ್ರವನ್ನು ಒಡೆಯುವುದಕ್ಕೆ ಎಷ್ಟು ಬಲ ಬೇಕೆಂಬುದು ಆ ಕೋಣೆಯಲ್ಲಿರುವ ಎಂಟು ಮಂದಿಗೂ ಗೊತ್ತು. ಅಲ್ಲಿ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ವೈದ್ಯರು ಕೊಡಲಾಗದ್ದು ಏನೆಂಬ ನಿಮ್ಮ ಪ್ರಶ್ನೆಗೆ ನನ್ನ ಅನುಭವದ ಉತ್ತರ ಇದೇ. ಒಳ್ಳೆಯ ವೈದ್ಯರು ನಿಮ್ಮ ಮಾತನ್ನು ಅರ್ಥಮಾಡಿಕೊಳ್ಳಬಲ್ಲರು. ಆದರೆ 'ನನಗೂ ಹೀಗೇ ಆಗಿತ್ತು, ಈಗ ನೋಡಿ, ಇಲ್ಲಿ ಕುಳಿತಿದ್ದೇನೆ' ಎಂದು ಹೇಳುವ ಸ್ಥಾನದಲ್ಲಿ ಅವರು ಇರುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಬಾರದ ಇನ್ನೊಂದು ಸಂಗತಿಯಿದೆ. ಪಡೆಯುವವರಿಗಿಂತ ಕೊಡುವವರಿಗೆ ಕೆಲವೊಮ್ಮೆ ಹೆಚ್ಚು ಲಾಭವಾಗುತ್ತದೆ. ಇದನ್ನು ಅಮೆರಿಕದ ಸಮಾಜ ಮನೋವಿಜ್ಞಾನಿ ಫ್ರಾಂಕ್ ರೀಸ್‌ಮನ್ 1965ರಲ್ಲೇ ಒಂದು ತತ್ತ್ವವಾಗಿ ಮುಂದಿಟ್ಟಿದ್ದರು. ಮನೆಯಲ್ಲೂ ಆಸ್ಪತ್ರೆಯಲ್ಲೂ ನೀವು ಸದಾ ಆರೈಕೆ ಪಡೆಯುವವರು. ಗುಂಪಿನಲ್ಲಿ, ನಾಲ್ಕನೆಯ ಸಭೆಯ ಹೊತ್ತಿಗೋ ಐದನೆಯದಕ್ಕೋ, ಹೊಸದಾಗಿ ಬಂದ ಒಬ್ಬರು ನಿಮ್ಮ ಮಾತಿಗೆ ತಲೆಯೆತ್ತಿ ನೋಡುತ್ತಾರೆ. ರೋಗಿ ಎಂಬ ಹಣೆಪಟ್ಟಿ ಅಲ್ಲಿ ಸ್ವಲ್ಪ ಸಡಿಲವಾಗುತ್ತದೆ.

ಇದರ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಎರಡನೆಯ ವರ್ಷದಲ್ಲಿ ನಾನು ರಾತ್ರಿಯ ಕರೆಗಳಿಗೂ ಉತ್ತರಿಸುತ್ತಾ, ಯಾರಿಗೂ 'ಇಲ್ಲ' ಎನ್ನಲಾರದೆ, ಮತ್ತೆ ಮಾತ್ರೆಗೆ ಮರಳುವ ಸ್ಥಿತಿ ತಂದುಕೊಂಡೆ. ಈಗ ಇಬ್ಬರು ಸರದಿಯ ಮೇಲೆ ನಡೆಸುತ್ತೇವೆ, ತಿಂಗಳಿಗೊಮ್ಮೆ ಒಬ್ಬ ಆಪ್ತಸಮಾಲೋಚಕರೊಡನೆ ಕುಳಿತು ನಮ್ಮ ಭಾರವನ್ನು ಇಳಿಸಿಕೊಳ್ಳುತ್ತೇವೆ. ಯಾರಾದರೂ ಪ್ರಾಣ ಕಳೆದುಕೊಳ್ಳುವ ಮಾತನಾಡಿದರೆ ಯಾರಿಗೆ ತಿಳಿಸಬೇಕು, ಆ ಹೊತ್ತಿನಲ್ಲಿ ಯಾರು ಜೊತೆಗಿರಬೇಕು ಎಂಬುದನ್ನು ಮೊದಲೇ ಬರೆದಿಟ್ಟುಕೊಂಡಿದ್ದೇವೆ.

ಹೊರಬಂದವಳು

ಕೇಳುಗ ಅವರ ಗುಂಪಿನಂಥದ್ದು ನನಗೆ ಸಿಕ್ಕಿದ್ದರೆ ಈ ಉತ್ತರವನ್ನು ಬರೆಯುತ್ತಿರಲಿಲ್ಲವೇನೋ. ನಾನಿದ್ದ ಗುಂಪಿನಲ್ಲಿ ಕಟ್ಟುಪಾಡು ಇರಲಿಲ್ಲ. ಒಬ್ಬರು ತಮ್ಮ ಕಷ್ಟ ಹೇಳಿದರೆ ಇನ್ನೊಬ್ಬರು ಅದಕ್ಕಿಂತ ದೊಡ್ಡದೊಂದನ್ನು ಹೇಳುತ್ತಿದ್ದರು. ಚೇತರಿಸಿಕೊಳ್ಳುತ್ತಿರುವವರು ತಮ್ಮ ಒಳ್ಳೆಯ ದಿನವನ್ನು ಹೇಳಿಕೊಳ್ಳಲು ಹಿಂಜರಿಯುವಂತಾಗಿತ್ತು. ಹಿರಿಯ ಸದಸ್ಯರೊಬ್ಬರು ಮಾತ್ರೆ ಬಿಟ್ಟದ್ದನ್ನು ಸಾಹಸವೆಂಬಂತೆ ಬಣ್ಣಿಸುತ್ತಿದ್ದರು. ಅದನ್ನು ಕೇಳಿ ನಾನೂ ಬಿಟ್ಟೆ; ಆರು ವಾರಗಳಲ್ಲಿ ಅದರ ಫಲವನ್ನು ಉಂಡೆ.

ಆಮೇಲೆ ನನ್ನ ಚಿಕಿತ್ಸಕಿ ಒಂದು ಪರಿಕಲ್ಪನೆಯನ್ನು ವಿವರಿಸಿದರು. ಇಬ್ಬರು ಆಪ್ತರು ಒಂದೇ ನೋವನ್ನು ಮತ್ತೆ ಮತ್ತೆ ಮೆಲುಕು ಹಾಕುತ್ತಿದ್ದರೆ ಅವರ ಸ್ನೇಹ ಗಾಢವಾಗುತ್ತದೆ, ಜೊತೆಗೆ ಖಿನ್ನತೆ ಮತ್ತು ಆತಂಕದ ಲಕ್ಷಣಗಳೂ ಹೆಚ್ಚಾಗಿರುತ್ತವೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಅಮಾಂಡಾ ರೋಸ್ ಅವರು ಮಕ್ಕಳು ಮತ್ತು ಹದಿಹರೆಯದವರ ಅಧ್ಯಯನದಲ್ಲಿ 2002ರಲ್ಲಿ ತೋರಿಸಿದ್ದರಂತೆ. ಇದರ ಮೋಸ ಇರುವುದೇ ಇಲ್ಲಿ: ಹತ್ತಿರವಾಗುತ್ತಿದ್ದೇವೆ ಎಂಬ ಸುಖವೇ ಕೆಳಗಿಳಿಯುತ್ತಿದ್ದೇವೆ ಎಂಬುದನ್ನು ಮರೆಸಿಬಿಡುತ್ತದೆ.

ಹಾಗೆಂದು ಒಂಟಿಯಾಗಿರಿ ಎಂದು ಹೇಳುತ್ತಿಲ್ಲ. 2010ರಲ್ಲಿ ಅಮೆರಿಕದ ಮನೋವಿಜ್ಞಾನಿ ಜೂಲಿಯಾನ್ ಹೋಲ್ಟ್-ಲುನ್‌ಸ್ಟಾಡ್ ಮತ್ತು ಸಂಗಡಿಗರು 148 ಅಧ್ಯಯನಗಳನ್ನು ಒಟ್ಟುಗೂಡಿಸಿ, ಮೂರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯಿಂದ, ಗಟ್ಟಿಯಾದ ಸಾಮಾಜಿಕ ಸಂಬಂಧಗಳಿರುವವರು ಬದುಕುಳಿಯುವ ಸಂಭವ ಶೇ. 50ರಷ್ಟು ಹೆಚ್ಚೆಂದು ಕಂಡುಕೊಂಡರು. ಆದರೆ ಆ ಸಂಬಂಧಗಳೆಲ್ಲ ಕಾಯಿಲೆಯ ಸುತ್ತ ಹೆಣೆದವಲ್ಲವಲ್ಲ! ನಾನೀಗ ವಾರಕ್ಕೆರಡು ಸಂಜೆ ಒಂದು ಹಾಡುವ ತಂಡಕ್ಕೆ ಹೋಗುತ್ತೇನೆ. ಅಲ್ಲಿ ನನ್ನ ಖಿನ್ನತೆಯ ವಿಷಯ ಗೊತ್ತಿರುವವರು ಒಬ್ಬರೇ. ಒಂದು ದಿನ ತಪ್ಪಿಸಿದರೆ 'ಯಾಕೆ ಬರಲಿಲ್ಲ?' ಎಂದು ಕೇಳುವವರು ಹನ್ನೆರಡು ಮಂದಿ. ನಿಮಗೆ ಬೇಕಾಗಿರುವುದು ಸಮಾನದುಃಖಿಗಳೋ, ಬರೀ ಒಡನಾಡಿಗಳೋ ಎಂಬುದನ್ನು ಒಮ್ಮೆ ಯೋಚಿಸಿ ನೋಡಿ.

ಹೊಸಹೆಜ್ಜೆ

ಮೂವರಿಗೂ ಕೃತಜ್ಞತೆಗಳು. ಹೊರಬಂದವಳು ಅವರ ಕೊನೆಯ ಪ್ರಶ್ನೆಯ ಬಗ್ಗೆ ಎರಡು ದಿನ ಯೋಚಿಸಿದೆ. ಒಡನಾಡಿಗಳು ನನಗೆ ಇದ್ದಾರೆ. ಅವರ ನಡುವೆ ಎರಡು ವರ್ಷಗಳ ಒಂದು ಭಾಗವನ್ನು ಬಚ್ಚಿಟ್ಟುಕೊಂಡು ಕೂರುವುದೇ ಕಷ್ಟವಾಗಿದೆ. ಆದ್ದರಿಂದ ಗುಂಪಿಗೆ ಹೋಗಿ ನೋಡುವ ಮನಸ್ಸಾಗಿದೆ. ಅದು ಕೇಳುಗ ಅವರ ಬಗೆಯ ಗುಂಪೋ, ಹೊರಬಂದವಳು ಅವರಿಗೆ ಸಿಕ್ಕ ಬಗೆಯದೋ ಎಂಬುದನ್ನು ಆರಂಭದಲ್ಲೇ ತಿಳಿಯುವುದು ಹೇಗೆ?

ಕೇಳುಗ

ಮೊದಲ ಸಭೆಯಿಂದ ತೀರ್ಮಾನಕ್ಕೆ ಬರಬೇಡಿ. ಅಂದು ನಿಮ್ಮ ಗಮನವೆಲ್ಲ ಬಾಗಿಲು ಎಲ್ಲಿದೆ ಎಂಬುದರ ಮೇಲೆಯೇ ಇರುತ್ತದೆ. ಮೂರು ಸಭೆಗಳ ಅವಧಿ ಕೊಡಿ. ಆದರೆ ಚಿಕಿತ್ಸೆ ಬಿಡುವಂತೆ ಯಾರಾದರೂ ಒತ್ತಾಯಿಸಿ, ನಡೆಸುವವರು ಅದನ್ನು ತಡೆಯದಿದ್ದರೆ ಮೂರರವರೆಗೂ ಕಾಯಬೇಕಾಗಿಲ್ಲ. ಹೋಗುವ ಮುಂಚೆ ನಡೆಸುವವರಿಗೆ ಕರೆ ಮಾಡಿ, ಅಲ್ಲಿ ಆಡಿದ ಮಾತು ಹೊರಗೆ ಹೋಗದಂತೆ ಏನು ವ್ಯವಸ್ಥೆಯಿದೆ, ಬಿಕ್ಕಟ್ಟು ಬಂದರೆ ಏನು ಮಾಡುತ್ತೀರಿ ಎಂದು ಕೇಳಿ. ಇದಕ್ಕೆ ತಡಬಡಿಸದೆ ಉತ್ತರಿಸಿದರೆ ಅವರು ಅದನ್ನು ಮೊದಲೇ ಯೋಚಿಸಿದ್ದಾರೆ ಎಂದು ತಿಳಿಯಬಹುದು.

ಒಳ್ಳೆಯ ದಿನದ ಸುದ್ದಿಗೂ ಅಲ್ಲಿ ಜಾಗವಿದೆಯೇ ಎಂಬುದನ್ನು ಗಮನಿಸಿ. ಹೊರಬಂದವಳು ಅವರು ಹೇಳಿದ ಲಕ್ಷಣಗಳಲ್ಲಿ ನನಗೆ ಬಹಳ ಮುಖ್ಯವೆನಿಸಿದ್ದು ಇದು. ಸಭೆ ಮುಗಿದ ರಾತ್ರಿ ನಿಮಗೆ ಹೇಗನಿಸಿತು ಎಂಬುದನ್ನು ಲೆಕ್ಕಕ್ಕೆ ಇಡಬೇಡಿ. ಅತ್ತು ಬಂದ ರಾತ್ರಿ ಎಲ್ಲರಿಗೂ ಸುಸ್ತಾಗಿರುತ್ತದೆ. ಮರುದಿನ ಬೆಳಿಗ್ಗೆ ಎದ್ದಾಗ ಹೇಗಿದ್ದಿರಿ ಎಂಬುದನ್ನು ಮೂರು ಬಾರಿಯೂ ಒಂದು ಸಾಲಿನಲ್ಲಿ ಬರೆದಿಟ್ಟು, ಆ ಹಾಳೆಯನ್ನು ನಿಮ್ಮ ವೈದ್ಯರಿಗೆ ತೋರಿಸಿ.

ಹೊಸಹೆಜ್ಜೆ

ನಡೆಸುವವರಿಗೆ ಇವತ್ತು ಕರೆ ಮಾಡಿದ್ದೆ. ಎರಡೂ ಪ್ರಶ್ನೆಗಳಿಗೆ ಉತ್ತರಿಸಿದರು. ಮೊದಲ ದಿನ ಹೆಸರು ಹೇಳಿ ಸುಮ್ಮನೆ ಕುಳಿತರೂ ಆದೀತು ಎಂದರು. ಸಭೆ ಗುರುವಾರ ಸಂಜೆ. ಶುಕ್ರವಾರ ಬೆಳಿಗ್ಗೆ ಆ ಒಂದು ಸಾಲನ್ನು ಇಲ್ಲಿಯೂ ಬರೆಯುತ್ತೇನೆ.